ಅಪ್ಪನಿಗೆ ಪೇಸ್‌ಮೇಕರ್ ಹಾಕಿದ್ದಾರೆ, ಮೊಬೈಲ್ ಪೂರ್ತಿ ಬಿಡಿಸಬೇಕಾ?

ಬಿಡಿಸಬೇಡಿ. ನಾನು ಬಿಡಿಸಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆ ಕೆಳಗೇ ಅಡಿಕೆ ತೋಟ. ಅಪ್ಪನಿಗೆ ಹುಬ್ಬಳ್ಳಿಯಲ್ಲಿ ಪೇಸ್‌ಮೇಕರ್, ಅಂದರೆ ಎದೆಬಡಿತ ನಿಧಾನವಾಗದಂತೆ ನೋಡಿಕೊಳ್ಳುವ ಪುಟ್ಟ ಯಂತ್ರ, ಹಾಕಿಸಿಕೊಂಡು ಬಂದೆವು. ಮನೆಗೆ ಕಳಿಸುವಾಗ "ಮೊಬೈಲ್ ಸ್ವಲ್ಪ ದೂರ ಇಟ್ಟುಕೊಳ್ಳಲಿ" ಅಂದಿದ್ದರು. ನಾನು ತಲೆ ಆಡಿಸಿದೆ. ಎಷ್ಟು ದೂರ ಅಂತ ಕೇಳಲಿಲ್ಲ. ಅದೊಂದು ಮಾತು ಕೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ದೂರ ಅಂದರೆ ನನ್ನ ತಲೆಯಲ್ಲಿ ಬೇರೆ ಕೋಣೆ. ವಾಟ್ಸಾಪ್‌ನಲ್ಲಿ ಬಂದ ಯಾವುದೋ ವಿಡಿಯೋ ನೋಡಿ ಹೆದರಿಕೆ ಇನ್ನೂ ಜಾಸ್ತಿಯಾಯಿತು. ಅಪ್ಪನ ಫೋನನ್ನು ಕಪಾಟಿಗೆ ಸೇರಿಸಿಬಿಟ್ಟೆ. ಅವರು ಎರಡು ಸಲ ಕೇಳಿದರು. "ನಿಮ್ಮ ಒಳ್ಳೆಯದಕ್ಕೇ" ಅಂತ ಬಾಯಿ ಮುಚ್ಚಿಸಿದೆ.

ಬೇಕಾಗಿದ್ದ ದೂರ 15 ಸೆಂಟಿಮೀಟರ್. ಒಂದು ಗೇಣು ಕೂಡ ಇಲ್ಲ!

ಆ ಆಷಾಢದಲ್ಲಿ ಕೊಳೆ ರೋಗ ಬಂದು ಅಡಿಕೆ ಉದುರುತ್ತಿತ್ತು. ಮಳೆ ಹೊಳವಾದದ್ದು ನೋಡಿ ಅಪ್ಪ ಒಬ್ಬರೇ ತೋಟಕ್ಕೆ ಇಳಿದರು. ಕಾಲುಸಂಕದಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಕೂಗಿದರೂ ಹಳ್ಳದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಊಟದ ಹೊತ್ತಿಗೆ ಬರಲಿಲ್ಲ ಅಂತ ನಾವು ಹುಡುಕಿ ಹೋಗುವಾಗ ಮೂರು ತಾಸು ಕಳೆದಿತ್ತು. ಮೈ ತಣ್ಣಗಾಗಿತ್ತು. ನನ್ನನ್ನು ನೋಡಿ ಮೊದಲು ಹೇಳಿದ್ದು, "ಫೋನಿದ್ದಿದ್ದರೆ ಮಾಡ್ತಿದ್ದೆ" ಅಂತ. ಬೈಗುಳ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಪೇಸ್‌ಮೇಕರ್ ಹಾಕುವುದು ಸಾಮಾನ್ಯವಾಗಿ ಎಡ ಹೆಗಲ ಕೆಳಗೆ, ಅಂಗಿ ಜೇಬಿನ ಸ್ವಲ್ಪ ಮೇಲೆ. ಅದಕ್ಕೆ ಅಯಸ್ಕಾಂತ ಆಗುವುದಿಲ್ಲ. ತೀರಾ ಹತ್ತಿರ ಬಂದರೆ ಎದೆಯ ಬಡಿತ ಗಮನಿಸುವುದನ್ನು ಬಿಟ್ಟು, ಒಂದೇ ವೇಗದಲ್ಲಿ ಮಿಡಿಸತೊಡಗುತ್ತದೆ. ದೂರ ಸರಿಸಿದರೆ ಮತ್ತೆ ಮೊದಲಿನಂತೆ. ಬಡಿತ ಅಪಾಯಕ್ಕೆ ಹೋದಾಗ ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಅನ್ನುವ ಯಂತ್ರ ಆಗಿದ್ದರೆ ಇನ್ನೂ ಎಚ್ಚರ ಬೇಕು, ಅಯಸ್ಕಾಂತ ಹತ್ತಿರವಿದ್ದಾಗ ಬೇಕಾದ ಶಾಕ್ ಬಾರದೆ ಹೋಗಬಹುದು. ಐಫೋನ್ 12ರಿಂದೀಚೆಗೆ ಹಲವು ಫೋನುಗಳ ಬೆನ್ನಲ್ಲೇ ಅಯಸ್ಕಾಂತ ಇದೆ. ಮುಚ್ಚಳ ಟಪ್ ಅಂತ ಅಂಟುವ ಕವರ್‌ನಲ್ಲೂ ಇರುತ್ತದೆ. ಅದನ್ನು ಇವತ್ತೇ ತೆಗೆದುಬಿಡಿ.

ಫೋನು ಮಾತ್ರ ಅಪ್ಪನ ಹತ್ತಿರವೇ ಇರಲಿ. ಎದೆ ಜೇಬಲ್ಲಿ ಬೇಡ, ಸೊಂಟದಲ್ಲಿ. ಎಡಗಡೆ ಪೇಸ್‌ಮೇಕರ್ ಇದ್ದರೆ ಬಲಕಿವಿಯಲ್ಲಿ ಮಾತು. ಮಲಗಿದಾಗ ಎದೆ ಮೇಲೆ ಇಟ್ಟುಕೊಂಡು ಹಾಡು ಕೇಳುವ ಅಭ್ಯಾಸ ಇರುತ್ತದೆ ಅಲ್ವಾ, ಅದನ್ನು ಬಿಡಿಸಿ.

ತೋಟದ ತಗ್ಗಲ್ಲಿ ನೆಟ್‌ವರ್ಕ್ ಎಲ್ಲಿ ಅನ್ನಬಹುದು. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗಬಹುದು. ಲಾಕ್ ತೆಗೆಯುವುದೂ ಬೇಡ. 2017ರ ನಂತರದ ಕೀಪ್ಯಾಡ್ ಫೋನಾದರೆ ಆ ತುರ್ತು ಕರೆಗೆ 5 ಅಥವಾ 9 ಒತ್ತಿ ಹಿಡಿಯುವುದನ್ನು ತೋರಿಸಿಕೊಡಿ. ಸುಮ್ನೆ ಹೇಳಿದರೆ ನೆನಪಿರುವುದಿಲ್ಲ, ಎಲ್ಲಿ ಒತ್ತಬೇಕು ಅಂತ ಅವರ ಬೆರಳನ್ನೇ ಇಟ್ಟು ತೋರಿಸಿ. ಟವರೇ ಇಲ್ಲದ ಜಾಗಕ್ಕೆ ಒಬ್ಬರೇ ಹೋಗುವುದು ಬೇಡ.

ನಮ್ಮಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ. ಹೊಸ ಅಂಗಿ ಹೊಲಿಸುವಾಗ ದರ್ಜಿಗೆ ತಾವೇ ಹೇಳುತ್ತಾರೆ, ಎದೆ ಜೇಬು ಬೇಡ ಅಂತ.