ಮಡ್ಡಿಯ ಓತಿಕ್ಯಾತ ಗಂಟಲು ಬಿಚ್ಚುವುದು ಯಾಕೆ?

ಪ್ರಶ್ನೆ: ನಮ್ಮದು ಗೋಕಾಕ ತಾಲೂಕು. ಹೊಲದ ಪಕ್ಕ ಎರಡು ಎಕರೆ ಕಲ್ಲುಮಡ್ಡಿ ಇದೆ. ಬೇಸಿಗೆಯಲ್ಲಿ ಅಲ್ಲಿ ಸಣ್ಣ ಓತಿಕ್ಯಾತಗಳು ಕಲ್ಲಿನ ಮೇಲೆ ಕೂತು ಗಂಟಲಿನ ಚರ್ಮ ಬಿಚ್ಚಿ ಮುಚ್ಚುತ್ತಿರುತ್ತವೆ. ನಮ್ಮಜ್ಜ "ಅದು ವಿಷ ಉಗುಳ್ತದ, ಹತ್ರ ಹೋಗಬ್ಯಾಡ್ರಿ" ಅಂತಾರೆ. ನಿಜಾನಾ? ಈ ವರ್ಷ ಜೆಸಿಬಿ ತರಿಸಿ ಮಡ್ಡಿ ಸಮ ಮಾಡಿಸಬೇಕು ಅಂತಿದ್ದೇವೆ.

ಉತ್ತರ: ವಿಷ ಇಲ್ಲ, ಉಗುಳುವುದೂ ಇಲ್ಲ. ಅಜ್ಜನವರಿಗೆ ಧೈರ್ಯ ಹೇಳಿ.

ಗಂಟಲು ಬಿಚ್ಚುವುದು ಗಂಡು. ಹೆಣ್ಣನ್ನು ಕರೆಯಲು, ಇನ್ನೊಂದು ಗಂಡಿಗೆ "ಇದು ನನ್ನ ಜಾಗ" ಅಂತ ಹೇಳಲು. ನಾಲಿಗೆಯ ಬುಡದಲ್ಲಿ ಒಂದು ಸಣ್ಣ ಎಲುಬಿದೆ, ಅದು ಮುಂದೆ ಬಾಗಿದ ಕೂಡಲೇ ಚರ್ಮ ಬೀಸಣಿಗೆ ಹಾಗೆ ತೆರೆಯುತ್ತದೆ. ಒಮ್ಮೆ ಮೇ ತಿಂಗಳ ಬೆಳಿಗ್ಗೆ ಮಡ್ಡಿಯಲ್ಲಿ ಹೊಟ್ಟೆ ಮೇಲೆ ಮಲಗಿ ಹತ್ತಿರದಿಂದ ನೋಡಿದ್ದೇನೆ: ಚರ್ಮ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳು, ಬಿಸಿಲು ಆಚೆಯಿಂದ ಈಚೆ ಕಾಣುತ್ತಿತ್ತು. ನಾನು ಸ್ವಲ್ಪ ಮಿಸುಕಿದ್ದೇ ತಡ, ಹಿಂಗಾಲಿನ ಮೇಲೆ ಎದ್ದು ಓಡಿಹೋಯಿತು.

ಈಗ ನಿಮಗೆ ಖುಷಿಯಾಗುವ ವಿಷಯ. ಸಿತಾನಾ ಎಂಬ ಈ ಗುಂಪಿಗೆ ಹೆಸರಿಟ್ಟು ಹತ್ತಿರ ಹತ್ತಿರ 200 ವರ್ಷ ಆಯಿತು, 1829ರಲ್ಲಿ. ಆದರೆ ನಿಮ್ಮ ಕಡೆಯ ಓತಿ ಬೇರೆಯೇ ಜಾತಿ ಅಂತ ವಿಜ್ಞಾನಿಗಳು ಬರೆದದ್ದು 2018ರಲ್ಲಿ. ಹೆಸರು ಸಿತಾನಾ ಗೋಕಾಕೆನ್ಸಿಸ್. ಹೌದು, ನಿಮ್ಮ ಗೋಕಾಕದ್ದೇ ಹೆಸರು! ಇದರ ಬೀಸಣಿಗೆ ಚಿಕ್ಕದು. ಇವು ಮರ ಹತ್ತಿ ಬದುಕುವ ಓತಿಗಳಲ್ಲ, ನೆಲದ ಜೀವಿಗಳು. ಕಲ್ಲು, ಕುರುಚಲು ಗಿಡ, ನಡುವೆ ಬರಿ ನೆಲ, ತಿನ್ನಲು ಇರುವೆ, ಗೆದ್ದಲು, ಇಷ್ಟು ಬೇಕು. ನಾವು ಸುಮ್ನೆ ಬಿದ್ದ ಜಾಗ ಅನ್ನುವುದು ಅದಕ್ಕೆ ಮನೆ, ಅಲ್ವಾ?

ಮಳೆ ಬಿದ್ದು ನೆಲ ಮೆತ್ತಗಾದಾಗ ಹೆಣ್ಣು ಮುಂಗಾಲಿನಿಂದ ಸಣ್ಣ ಗುಂಡಿ ತೋಡಿ ಮೊಟ್ಟೆ ಇಡುತ್ತದೆ, ಮಣ್ಣು ಮುಚ್ಚಿ ತಲೆಯಿಂದ ಒತ್ತಿ ಗಟ್ಟಿ ಮಾಡುತ್ತದೆ. ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ಆಗ ಜೆಸಿಬಿ ಓಡಿದರೆ ಮೊಟ್ಟೆಯೂ ಹೋಯಿತು, ಮರಿಯೂ ಹೋಯಿತು.

ಜಮೀನು ನಿಮ್ಮದು, ಬೆಳೆಯ ಚಿಂತೆಯೂ ನಿಮ್ಮದೇ. ಆದರೂ ಕೇಳಿಕೊಳ್ಳುತ್ತೇನೆ: ಸಮ ಮಾಡಲೇಬೇಕಿದ್ದರೆ ಮಳೆಗಾಲ ಮುಗಿಯಲಿ, ಒಡ್ಡಿನ ಗುಂಟ ದೊಡ್ಡ ಕಲ್ಲುಗಳಿರುವ ಒಂದು ಪಟ್ಟಿ ಹಾಗೇ ಬಿಡಿ, ಹುಲ್ಲಿಗೆ ಬೆಂಕಿ ಹಚ್ಚಬೇಡಿ. ಅದಕ್ಕೂ ಮೊದಲು ಒಂದು ಫೋಟೊ ತೆಗೆದು ಕಳಿಸಿ, ಹಿಂಗಾಲು ಕಾಣುವ ಹಾಗೆ. ಸಿತಾನಾ ಆಗಿದ್ದರೆ ಅಲ್ಲಿ ಐದು ಬೆರಳು ಇರುವುದಿಲ್ಲ, ನಾಲ್ಕೇ.