ಗೀಸರ್‌ಗೆ ಮೂರನೇ ಎಲಿಮೆಂಟ್ ತರುವ ಮೊದಲು ಆನೋಡ್ ನೋಡಿ

ಸರ್, ಒಂದು ನಿಮಿಷ ನಿಲ್ಲಿ. 11 ವರ್ಷದ ಗೀಸರ್‌ಗೆ ಮೂರನೇ ಎಲಿಮೆಂಟ್ (ನೀರು ಕಾಯಿಸುವ ಕಾಯಿಲ್) ಹಾಕಿಸುತ್ತೇನೆ, ಕೆಳಗೆ ಜಿನುಗುವ ಕಡೆ ಸೀಲೆಂಟ್ ಹಚ್ಚಿಸುತ್ತೇನೆ ಅಂತ ಬರೆದಿದ್ದೀರಿ. ನಾನೂ ಇದೇ ತಪ್ಪು ಮಾಡಿದ್ದೆ.

ಒಂದೇ ವರ್ಷದಲ್ಲಿ ಎರಡು ಎಲಿಮೆಂಟ್ ಸುಟ್ಟವು. ಮೂರನೆಯದಕ್ಕೆ ಫ್ಲಾಂಜ್ (ಎಲಿಮೆಂಟ್ ಕೂರುವ ತಟ್ಟೆ) ಬಿಚ್ಚಿದಾಗ ಆನೋಡ್ ಇರಬೇಕಾದ ಜಾಗದಲ್ಲಿ ತುಕ್ಕು ಹಿಡಿದ ತಂತಿಯೊಂದು ನೇತಾಡುತ್ತಿತ್ತು. ಆನೋಡ್ ಅಂದರೆ ಮೆಗ್ನೀಸಿಯಂ ರಾಡ್, ಟ್ಯಾಂಕ್ ಬದಲು ತಾನು ಕರಗಲಿ ಅಂತಲೇ ಅದನ್ನು ಇಡುವುದು. ಅದು ಮುಗಿದರೆ ನೀರು ಟ್ಯಾಂಕನ್ನೇ ತಿನ್ನುತ್ತದೆ. ಅದನ್ನು ಕಣ್ಣಾರೆ ನೋಡಿಯೂ ಹೊಸ ಎಲಿಮೆಂಟ್, ಹೊಸ ಆನೋಡ್ ಹಾಕಿಸಿದೆ. ಎರಡೇ ತಿಂಗಳಿಗೆ ಕೆಳಗಿನ ಮುಚ್ಚಳದಿಂದ ಕಂದು ನೀರು ಹನಿಯಿತು. ಬಿಚ್ಚಿದರೆ ಟ್ಯಾಂಕ್ ಸುತ್ತ ಶಾಖ ಹಿಡಿದಿಡುವ ಫೋಮ್ ಪೂರ್ತಿ ನೆನೆದಿತ್ತು, ವೈರ್ ಟರ್ಮಿನಲ್ ಮೇಲೆ ನೀರು ನಿಂತಿತ್ತು. ಮಕ್ಕಳು ದಿನಾ ಅದೇ ನಲ್ಲಿ ತಿರುಗಿಸುತ್ತಿದ್ದರು. ನೆನೆಸಿಕೊಂಡರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಮೇಲಿನ ಕಾಮೆಂಟ್‌ನಲ್ಲಿ ಯಾರೋ ಟ್ಯಾಂಕ್‌ಗೆ ವೆಲ್ಡಿಂಗ್ ಮಾಡಿಸಿ ಅಂದಿದ್ದಾರೆ. ದಯವಿಟ್ಟು ಹಾಗೆಲ್ಲ ಹೇಳಬೇಡಿ. ಗ್ಲಾಸ್ ಲೈನಿಂಗ್ (ಒಳಗೆ ಗಾಜಿನ ಲೇಪ) ಇರುವ ಟ್ಯಾಂಕ್‌ಗೆ ವೆಲ್ಡಿಂಗ್ ಶಾಖ ತಾಗಿದರೆ ಸುತ್ತಲಿನ ಲೇಪವೂ ಒಡೆಯುತ್ತದೆ. ಎಲಿಮೆಂಟ್, ಥರ್ಮೋಸ್ಟಾಟ್ (ಬಿಸಿ ಸಾಕಾದಾಗ ಕರೆಂಟ್ ಕಟ್ ಮಾಡುವ ಭಾಗ) ಬದಲಾಯಿಸಬಹುದು. ಟ್ಯಾಂಕ್ ತೂತಾದರೆ ಗೀಸರ್ ಮುಗಿದ ಹಾಗೆ.

ಆದರೆ ನೀರು ಎಲ್ಲಿಂದ ಅಂತ ಮೊದಲು ನೋಡಿ. ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ನಾಲ್ಕು ಹನಿ ಬಿದ್ದರೆ ಸಹಜ, ಕಾದ ನೀರು ಹಿಗ್ಗುತ್ತದೆ ಅಲ್ವಾ. ಆ ವಾಲ್ವ್‌ನ ಬಾಯಿ ಮಾತ್ರ ಯಾವತ್ತೂ ಮುಚ್ಚಬೇಡಿ. ಪೈಪ್ ಜಾಯಿಂಟ್ ಅಥವಾ ಗ್ಯಾಸ್ಕೆಟ್ (ಫ್ಲಾಂಜ್ ಸೋರದಂತೆ ಹಾಕುವ ರಬ್ಬರ್) ಆಗಿದ್ದರೆ ಸಣ್ಣ ಕೆಲಸ. ಇವೆರಡೂ ಒಣಗಿದ್ದು ಕವಚದ ಒಳಗಿಂದ ನೀರು ಬಂದರೆ ಟ್ಯಾಂಕೇ ತೂತಾಗಿದೆ ಅಂತ. ಬಿಸಿನೀರಿನಲ್ಲಿ ಮಾತ್ರ ಕೆಂಪು ಬಂದರೂ ಅದೇ ಅನುಮಾನ, ಹಳೆ ಕಬ್ಬಿಣದ ಪೈಪ್ ಇಲ್ಲದಿದ್ದರೆ. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಅಥವಾ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದರೆ ಆ ಕ್ಷಣವೇ ಬಳಕೆ ನಿಲ್ಲಿಸಿ.

ಬಿಸಿನೀರು ಬೇಗ ಮುಗಿಯುತ್ತದೆ ಅನ್ನುವುದಕ್ಕೆ ಎಲಿಮೆಂಟ್ ಬದಲಾಯಿಸುವುದು ಸುಮ್ನೆ ದುಡ್ಡು ದಂಡ. ಗಡಿಯಾರ ಹಿಡಿದು ನೋಡಿ. 15 ಲೀಟರ್ ನೀರು 2 ಕಿಲೋವ್ಯಾಟ್‌ನಲ್ಲಿ 25ರಿಂದ 60 ಡಿಗ್ರಿಗೆ ಬರಲು ಸುಮಾರು 18 ನಿಮಿಷ ಬೇಕು. ತಣ್ಣೀರು ತುಂಬಿ ಹಚ್ಚಿದರೂ 8 ನಿಮಿಷಕ್ಕೇ ದೀಪ ಆರಿದರೆ ಒಳಗೆ ಸುಣ್ಣ ಕಟ್ಟಿದೆ, ಇಲ್ಲವೇ ಥರ್ಮೋಸ್ಟಾಟ್ ಬೇಗ ಕಟ್ ಮಾಡುತ್ತಿದೆ. ಟ್ಯಾಂಕ್ ಗಟ್ಟಿ ಇದ್ದರೆ ಸುಣ್ಣ ತೆಗೆಸಿ ಇನ್ನೂ ಓಡಿಸಬಹುದು.

ಹೊಸದಕ್ಕೆ ಯಾವ ಬ್ರ್ಯಾಂಡ್ ಅಂತ ಕೇಳಿದ್ದೀರಿ. ಆನೋಡ್, ಗ್ಯಾಸ್ಕೆಟ್ ಬಿಡಿಯಾಗಿ ಕೊಡದ ಕಂಪನಿಯದು ಪುಕ್ಕಟೆ ಬಂದರೂ ನನಗೆ ಬೇಡ. ವಾರಂಟಿಯಲ್ಲಿ ದೊಡ್ಡದಾಗಿ ಬರೆಯುವುದು ಟ್ಯಾಂಕಿನ ವರ್ಷ, ಎಲಿಮೆಂಟಿನದು ಬೇರೆ, ಓದಿ ನೋಡಿ. ಸ್ಟೇನ್‌ಲೆಸ್ ಟ್ಯಾಂಕ್‌ಗಳಲ್ಲಿ ಎಷ್ಟೋ ಸಲ ಆನೋಡ್ ಇರುವುದಿಲ್ಲ, ಉಪ್ಪು ಜಾಸ್ತಿ ಇರುವ ನೀರಿಗೆ ಅವುಗಳ ಬೆಸುಗೆ ಜಾಗ ತುಕ್ಕು ಹಿಡಿಯಬಹುದು. ಗಡಸು ನೀರಾದರೆ 60 ಡಿಗ್ರಿ ದಾಟಿಸಬೇಡಿ, ಬಿಸಿ ಏರಿದಷ್ಟೂ ಸುಣ್ಣ ಜಾಸ್ತಿ ಕೂರುತ್ತದೆ. ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿದ್ದರೆ ಆನೋಡ್ ಇನ್ನೂ ಬೇಗ ಸವೆಯುತ್ತದೆ. ಅದಕ್ಕೇ ನಾನು ವರ್ಷಕ್ಕೊಮ್ಮೆ ಬಿಚ್ಚಿ ನೋಡುತ್ತೇನೆ, ಪ್ರತಿ ಸಲ ಹೊಸ ಗ್ಯಾಸ್ಕೆಟ್ ಹಾಕುತ್ತೇನೆ.

ನಿಮ್ಮ ಫೋಟೊದಲ್ಲಿ ಹನಿಯ ಮೂಲ ಕಾಣುತ್ತಿಲ್ಲ. ಗೀಸರ್‌ನ ಎಂಸಿಬಿ (ಮೀಟರ್ ಬೋರ್ಡಿನ ಸ್ವಿಚ್) ಆಫ್ ಮಾಡಿ, ಕೆಳಗಿನ ಮುಚ್ಚಳ ತೆಗೆಸಿ ಇನ್ನೊಂದು ಫೋಟೊ ಹಾಕಿ. ಅಲ್ಲಿವರೆಗೆ ಎಲಿಮೆಂಟ್ ತರಬೇಡಿ.