‘ನಾನೂ ನಕ್ಕೆ ಮೇಡಂ’

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬರ ಕತೆಯನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ಕೆಲಸ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಹೆಸರೂ ಬದಲಿಸಿದ್ದೇನೆ. ಇಲ್ಲಿ ಅವರನ್ನು ರವಿ ಎನ್ನುತ್ತೇನೆ.

2020ರ ಜೂನ್ ಎರಡನೇ ವಾರ. ಲಾಕ್‌ಡೌನ್ ಆಗಷ್ಟೇ ಸಡಿಲವಾಗಿತ್ತು. ಆಪ್ತಸಲಹೆಯೆಲ್ಲ ಫೋನಿನಲ್ಲೇ ನಡೆಯುತ್ತಿತ್ತು. ರವಿಗೆ 27 ವರ್ಷ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಮಾರ್ಚ್‌ನಿಂದ ಕೋಲಾರದ ಕಡೆಯ ತಮ್ಮ ಊರಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಮನೆಯವರಿಗೆ ಕೇಳಿಸಬಾರದೆಂದು ತಾರಸಿ ಮೇಲೆ ಓಡಾಡುತ್ತಾ ಮಾತಾಡಿದರು.

ನಿದ್ದೆ ಬರುತ್ತಿಲ್ಲ ಎಂದರು. ಮೀಟಿಂಗ್‌ನಲ್ಲಿ ಕ್ಯಾಮೆರಾ ಆನ್ ಮಾಡಲು ಮನಸ್ಸಾಗುತ್ತಿಲ್ಲ. ಊಟ ಸೇರುತ್ತಿಲ್ಲ. ರಾತ್ರಿ ಎರಡು, ಮೂರು ಗಂಟೆವರೆಗೆ ಫೋನಿನಲ್ಲಿ ಕಾಮೆಂಟ್ ಓದುತ್ತಾರೆ. ಯಾವ ಕಾಮೆಂಟ್ ಎಂದು ಕೇಳಿದೆ. "ಯುವರಾಜ್ ಸಿಂಗ್ ವಿಷಯ ಮೇಡಂ" ಎಂದರು.

ನೆನಪಿರದವರಿಗೆ ಹೇಳುತ್ತೇನೆ. ಆ ಏಪ್ರಿಲ್‌ನಲ್ಲಿ ಯುವರಾಜ್ ಸಿಂಗ್ ಮತ್ತು ರೋಹಿತ್ ಶರ್ಮಾ ಇನ್‌ಸ್ಟಾಗ್ರಾಂ ಲೈವ್‌ನಲ್ಲಿ ಹರಟೆ ಹೊಡೆಯುತ್ತಿದ್ದರು. ಯುಜುವೇಂದ್ರ ಚಹಾಲ್ ಅವರ ಟಿಕ್‌ಟಾಕ್ ವಿಡಿಯೊಗಳ ಮಾತು ಬಂತು. ಆಗ ಯುವರಾಜ್ ಒಂದು ಜಾತಿಯ ಹೆಸರನ್ನು ಬೈಗುಳದ ಹಾಗೆ ಬಳಸಿದರು. ಉತ್ತರ ಭಾರತದಲ್ಲಿ ಮಲ ಬಾಚುವ ಕೆಲಸಕ್ಕೆ ಯಾರನ್ನು ತಲೆಮಾರುಗಳಿಂದ ದೂಡಿದ್ದಾರೋ ಆ ಸಮುದಾಯದ ಹೆಸರು ಅದು. ಆ ಪದವನ್ನು ನಾನಿಲ್ಲಿ ಬರೆಯುವುದಿಲ್ಲ. ಜೂನ್ ಆರಂಭದಲ್ಲಿ ಆ ತುಣುಕು ಎಲ್ಲೆಡೆ ಹರಿದಾಡಿತು. ‘ಯುವರಾಜ್ ಸಿಂಗ್ ಮಾಫಿ ಮಾಂಗೋ’ (ಕ್ಷಮೆ ಕೇಳಿ) ಎಂಬ ಕೂಗು ಟ್ವಿಟರ್‌ನಲ್ಲಿ ಮೇಲೆ ಬಂತು. ಜೂನ್ 5ರಂದು ಅವರು ವಿಷಾದ ತಿಳಿಸಿದರು.

ಮೊದಲ ದಿನ ರವಿ ಇಪ್ಪತ್ತು ನಿಮಿಷ ಬರೀ ಕ್ರಿಕೆಟ್ ಮಾತಾಡಿದರು. ನಾನು ತಡೆಯಲಿಲ್ಲ. 2007ರಲ್ಲಿ ಡರ್ಬನ್‌ನಲ್ಲಿ ಸ್ಟುವರ್ಟ್ ಬ್ರಾಡ್ ಓವರ್‌ಗೆ ಹೊಡೆದ ಆರು ಸಿಕ್ಸರ್. 2011ರ ಮಾರ್ಚ್ 6, ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣ, ಐರ್ಲೆಂಡ್ ವಿರುದ್ಧದ ಪಂದ್ಯ. ಯುವರಾಜ್ ಐದು ವಿಕೆಟ್ ತೆಗೆದು ಅರ್ಧ ಶತಕವನ್ನೂ ಹೊಡೆದರು. ವಿಶ್ವಕಪ್ ಪಂದ್ಯವೊಂದರಲ್ಲಿ ಅದಕ್ಕೂ ಮೊದಲು ಯಾರೂ ಹಾಗೆ ಮಾಡಿರಲಿಲ್ಲ. ಆ ವಿಶ್ವಕಪ್ಪಿಗೆಂದೇ ರವಿಯ ಅಪ್ಪ ಕಂತಿನಲ್ಲಿ ಟಿವಿ ತಂದಿದ್ದರು. ಮರುವರ್ಷ ಯುವರಾಜ್‌ಗೆ ಕ್ಯಾನ್ಸರ್ ಎಂಬ ಸುದ್ದಿ ಬಂದಾಗ ರವಿಯ ಅಮ್ಮ ಮಾರಮ್ಮನಿಗೆ ಹರಕೆ ಹೊತ್ತರು. ಅವರು ಗುಣವಾಗಿ ಬಂದ ಮೇಲೆ ತಂಬಿಟ್ಟಿನ ಆರತಿ ಮಾಡಿ ಹರಕೆ ತೀರಿಸಿದರು.

ಇಷ್ಟು ಹೇಳಿ ರವಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ನಮ್ಮಪ್ಪ ಪೌರಕಾರ್ಮಿಕ ಮೇಡಂ" ಎಂದರು. ತಾತನೂ ಅದೇ ಕೆಲಸ ಮಾಡಿದವರು. 70ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು ಅಂತ ತಾತ ಆಗಾಗ ಹೇಳುತ್ತಿದ್ದರಂತೆ. ಆಫೀಸಿನಲ್ಲಿ ಇದು ಯಾರಿಗೂ ಗೊತ್ತಿಲ್ಲ. ಅಪ್ಪ ‘ಮುನಿಸಿಪಾಲಿಟಿಯಲ್ಲಿದ್ದಾರೆ’ ಎಂದಷ್ಟೇ ರವಿ ಹೇಳಿಕೊಂಡಿದ್ದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅವರ ಸಂಕಟ ಕಡಿಮೆ ಮಾಡುವ ಆತುರದಲ್ಲಿ, "ಅವರು ಬೇಕೂಂತ ಅಂದಿರಲಿಕ್ಕಿಲ್ಲ ಅಲ್ವಾ?" ಎಂದುಬಿಟ್ಟೆ. ಆ ಕಡೆಯಿಂದ ಉತ್ತರವಿಲ್ಲ. ಕೊನೆಗೆ, "ನೀವೂ ಅದನ್ನೇ ಅಂದ್ರಿ" ಎಂದರು. ಅವತ್ತಿನ ಮಾತು ಅಲ್ಲಿಗೇ ಮುಗಿಯಿತು.

ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಆ ಬೈಗುಳ ತಾಗದ ಮನೆಯಲ್ಲಿ ಬೆಳೆದವಳು ನಾನು. ಉದ್ದೇಶದ ಪ್ರಶ್ನೆ ನನ್ನ ಬಾಯಿಗೆ ಅಷ್ಟು ಬೇಗ ಬಂದದ್ದು ಅದಕ್ಕೇ. ನನ್ನ ಹಿರಿಯ ಮಾರ್ಗದರ್ಶಕರ ಹತ್ತಿರ ಮಾತಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನೋವು ತಿಂದವನನ್ನ ಬಿಟ್ಟು, ಮಾತಾಡಿದವನ ಮನಸ್ಸು ಯಾಕೆ ನೋಡೋಕೆ ಹೋದೆ?" ಎರಡು ದಿನ ಬಿಟ್ಟು ರವಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ನೆಪ ಹೇಳಲಿಲ್ಲ. ಅವರು ಮತ್ತೆ ಬರಲು ಒಪ್ಪಿದರು.

ನಿಜವಾದ ಗಾಯ ಹೊರಗೆ ಬಂದದ್ದು ಆಮೇಲೆ. ಅವರ ಟೀಮಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಆ ತುಣುಕು ಹಾಕಿದ್ದರು. ಸಾಲು ಸಾಲು ನಗುವ ಎಮೋಜಿ. ಕ್ಷಮೆ ಕೇಳಿ ಎಂಬ ಕೂಗೆದ್ದಾಗ ಇನ್ನೊಬ್ಬರು, "ಈ ಜನಕ್ಕೆ ಬೇರೆ ಕೆಲಸ ಇಲ್ಲ" ಎಂದು ಬರೆದರು. ಟೀಮ್ ಲೀಡ್ ಕನ್ನಡದವರೇ. ರವಿ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಅವರು ಬರೆದದ್ದು: "ಸುಮ್ನೆ ತಮಾಷೆಗೆ ಅಂದಿದ್ದು. ಎಲ್ಲದಕ್ಕೂ ಜಾತಿ ತರ್ತಾರೆ." ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಸತ್ತ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಸಾವಿನ ನೋವಿಗೆಂದು ಜೂನ್ 2ರಂದು ಪ್ರೊಫೈಲ್‌ನಲ್ಲಿ ಕಪ್ಪು ಚೌಕ ಹಾಕಿಕೊಂಡವರು ಇದೇ ಗುಂಪಿನಲ್ಲಿ ಮೂವರಿದ್ದರು. ಕೊರೊನಾ ಕಾಲದಲ್ಲಿ ದುಡಿಯುವವರಿಗೆಂದು ಮಾರ್ಚ್‌ನಲ್ಲಿ ತಟ್ಟೆ ಬಡಿದು ಚಪ್ಪಾಳೆ ಹೊಡೆದವರಂತೂ ಎಲ್ಲರೂ. ಅದೇ ತಿಂಗಳುಗಳಲ್ಲಿ ರವಿಯ ಅಪ್ಪ ಬೆಳಗ್ಗೆ ಐದೂವರೆಗೆ ಪೊರಕೆ ಹಿಡಿದು ಹೊರಡುತ್ತಿದ್ದರು. ಊರಿನವರು ಒಂದು ದಿನ ಅವರಿಗೆ ಹಾರವನ್ನೂ ಹಾಕಿದ್ದರು.

"ನೀವೇನು ಮಾಡಿದ್ರಿ?" ಎಂದು ಕೇಳಿದೆ.

"ನಾನೂ ನಕ್ಕೆ ಮೇಡಂ. ನಾನೂ ಅದೇ ಎಮೋಜಿ ಹಾಕಿದೆ."

ಅವರನ್ನು ಒಳಗೊಳಗೇ ತಿನ್ನುತ್ತಿದ್ದುದು ಇದು. ಆಟಗಾರ ಆಡಿದ ಮಾತು ಚುಚ್ಚಿತ್ತು, ನಿಜ. ಜೊತೆಯವರ ನಗು ಅದಕ್ಕಿಂತ ಜಾಸ್ತಿ ಚುಚ್ಚಿತ್ತು. ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಅವರದೇ ನಗು. ಅಪ್ಪ ಕೆಳಗೆ ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಅವರು ಮೇಲೆ ಕೂತು ಆ ಎಮೋಜಿ ಒತ್ತಿದ್ದರು.

ಇಂಥ ಘಟನೆ ನಡೆದಾಗಲೆಲ್ಲ ಚರ್ಚೆ ಮಾತಾಡಿದವರ ಸುತ್ತಲೇ ತಿರುಗುತ್ತದೆ. ಅವರು ಒಳ್ಳೆಯವರಾ, ಕೆಟ್ಟವರಾ? ಶಿಕ್ಷೆ ಜಾಸ್ತಿಯಾಯಿತಾ? 2021ರಲ್ಲಿ ಇಂಗ್ಲೆಂಡಿನ ಒಲ್ಲಿ ರಾಬಿನ್ಸನ್ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿದ ದಿನವೇ ಅವರ ಹಳೆಯ ಜನಾಂಗೀಯ ಟ್ವೀಟ್‌ಗಳು ಹೊರಬಂದವು. ಮಂಡಳಿ ಅವರನ್ನು ಅಮಾನತು ಮಾಡಿತು. ಅಲ್ಲಿಯೂ ಸಚಿವರವರೆಗೆ ನಡೆದ ವಾದ ಅಮಾನತು ಅತಿಯಾಯಿತಾ ಎಂಬುದು. ಆ ಟ್ವೀಟ್ ಓದಿದ ಏಷ್ಯಾ ಮೂಲದ ಹುಡುಗನೊಬ್ಬ ಅವತ್ತು ತನ್ನ ಕ್ಲಬ್ಬಿನ ಡ್ರೆಸಿಂಗ್ ರೂಮಿನಲ್ಲಿ ಹೇಗೆ ಕೂತಿದ್ದಾನು? ನನ್ನ ಮುಂದೆ ಬಂದು ಕೂರುವವರು ಅಂಥವರು. ಅವರ ಪರವಾಗಿ ನನಗೆ ಸಿಟ್ಟು ಬರುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಆ ನಗುವಿನ ಬೇರು ಹುಡುಕಿದೆವು. ಮೂರನೇ ಭೇಟಿಯಲ್ಲಿ ಆರನೇ ಕ್ಲಾಸಿನ ಒಂದು ದಿನ ನೆನಪಾಯಿತು. ಶೌಚಾಲಯ ತೊಳೆಯಲು ಇಬ್ಬರು ಹುಡುಗರನ್ನು ಕಳಿಸಿದ್ದರು. ಅದರಲ್ಲಿ ರವಿ ಒಬ್ಬರು. "ಇವನಿಗೆ ಅಭ್ಯಾಸ ಇರುತ್ತೆ" ಎಂದು ಮೇಷ್ಟ್ರು ಅಂದಾಗ ಕ್ಲಾಸು ನಕ್ಕಿತು. ಹನ್ನೊಂದು ವರ್ಷದ ರವಿಯೂ ನಕ್ಕಿದ್ದ. ಅಳುವುದಕ್ಕಿಂತ ನಗುವುದೇ ಅವತ್ತು ಅವನನ್ನು ಕಾಪಾಡಿತ್ತು. ಎಮೋಜಿ ಒತ್ತಿದ ಬೆರಳು ಆ ಹುಡುಗನದು ಎಂದೆ. "ಅವನ ಮೇಲೆ ನಿಮಗೆ ಸಿಟ್ಟಿದೆಯಾ?" ಎಂದು ಕೇಳಿದೆ. ಬಹಳ ಹೊತ್ತು ಅತ್ತರು. ನಾನು ಫೋನ್ ಹಿಡಿದು ಕೂತಿದ್ದೆ, ಅಷ್ಟೇ.

ಆಮೇಲೆ ಕೊಟ್ಟ ಸಲಹೆಗಳನ್ನು ಹೇಳುತ್ತೇನೆ. ರಾತ್ರಿ ಒಂಬತ್ತಕ್ಕೆ ಫೋನನ್ನು ಅಮ್ಮನ ಬೀರುವಿನಲ್ಲಿಡಬೇಕು. ಪರರ ಕಾಮೆಂಟ್ ಓದುತ್ತಾ ಇದ್ದರೆ ನಮ್ಮ ಮಾತು ಹುಟ್ಟುವುದೇ ಇಲ್ಲ. ಯುವರಾಜ್ ಅವರನ್ನು ಬಾಯಿಗೆ ಬಂದಂತೆ ಬೈಯುವವರ ಭಾಷೆಯೂ ರವಿಗೆ ಹಿಡಿಸುತ್ತಿರಲಿಲ್ಲ. ಅದಕ್ಕೇ ಕಾಗದದ ಮೇಲೆ ಸ್ವಂತ ಉತ್ತರ ಬರೆಯಲು ಹೇಳಿದೆ. ಯುವರಾಜ್ ಹೇಳಿಕೆಯನ್ನು ಒಂದೇ ಸಲ ಒಟ್ಟಿಗೆ ಓದಿದೆವು. ಜಾತಿ, ಬಣ್ಣದ ಭೇದದಲ್ಲಿ ತಮಗೆ ನಂಬಿಕೆಯಿಲ್ಲ ಎಂದಿದ್ದರು. ತಮ್ಮನ್ನು ತಪ್ಪಾಗಿ ತಿಳಿಯಲಾಗಿದೆ, ತಿಳಿಯದೆ ಯಾರಿಗಾದರೂ ನೋವಾಗಿದ್ದರೆ ವಿಷಾದವಿದೆ ಎಂದಿದ್ದರು. ನಿಮಗೆ ಬೇಕಿದ್ದ ಕ್ಷಮೆ ಹೇಗಿರಬೇಕಿತ್ತು, ಬರೆಯಿರಿ ಎಂದೆ. ರವಿ ಬರೆದದ್ದು ಎರಡೇ ಸಾಲು: "ಆ ಪದ ಕೆಟ್ಟದ್ದು. ಅದು ನನ್ನ ಬಾಯಿಗೆ ಎಲ್ಲಿಂದ ಬಂತು ಅಂತ ಯೋಚಿಸ್ತೀನಿ." ವಿಷಾದ ಬೇರೆ, ಕ್ಷಮೆ ಬೇರೆ. ‘ನೋವಾಗಿದ್ದರೆ’ ಎಂಬಲ್ಲಿರುವ ‘ರೆ’ ಎಷ್ಟು ಭಾರವೆಂದು ನನಗೆ ಅವತ್ತು ಗೊತ್ತಾಯಿತು.

ಟೀಮಿನವರಿಗೆ ಏನಾದರೂ ಹೇಳಬೇಕಾ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಕೊಟ್ಟೆವು. ಸುಮ್ಮನಿರಬಹುದು, ಅದು ಹೇಡಿತನವಲ್ಲ. ಕಂಪನಿಗೆ ದೂರು ಕೊಡಬಹುದು. ಅಥವಾ ನಂಬಿದ ಒಬ್ಬರ ಜೊತೆ ಖಾಸಗಿಯಾಗಿ ಮಾತಾಡಬಹುದು. ಯಾವುದೆಂದು ಅವರೇ ಆರಿಸಬೇಕು. ಒಂದು ಮಾತು ಮಾತ್ರ ಒತ್ತಿ ಹೇಳಿದೆ: ಆ ಪದ ಸರಿಯಿಲ್ಲ ಎನ್ನಲು ನಿಮ್ಮ ಜಾತಿ ಹೇಳಿಕೊಳ್ಳಲೇಬೇಕಿಲ್ಲ. ಯಾರು ಬೇಕಾದರೂ ಅದನ್ನು ಹೇಳಬಹುದು, ಹೇಳಬೇಕು.

ಅದೇ ಜೂನ್‌ನಲ್ಲಿ ವೆಸ್ಟ್ ಇಂಡೀಸ್‌ನ ಕ್ರಿಕೆಟಿಗ ಡ್ಯಾರೆನ್ ಸಾಮಿ ಸುದ್ದಿಯಲ್ಲಿದ್ದರು. ಐಪಿಎಲ್‌ನಲ್ಲಿ ಹೈದರಾಬಾದ್ ತಂಡದಲ್ಲಿದ್ದಾಗ ತಮ್ಮನ್ನು ಕರೆಯುತ್ತಿದ್ದ ‘ಕಾಲೂ’ ಪದದ ಅರ್ಥ ‘ಕರಿಯ’ ಎಂದು ಅವರಿಗೆ ವರ್ಷಗಳ ಮೇಲೆ, ಆಗಷ್ಟೇ ತಿಳಿದಿತ್ತು. ಹಾಗೆ ಕರೆದವರು ನನಗೆ ಫೋನ್ ಮಾಡಲಿ ಎಂದು ಅವರು ಬಹಿರಂಗವಾಗಿ ಕೇಳಿದರು. ಒಬ್ಬರು ಮಾಡಿದರು. ಪ್ರೀತಿಯಿಂದ ಕರೆದದ್ದು ಎಂದ ಅವರ ಮಾತನ್ನು ಸಾಮಿ ಒಪ್ಪಿಕೊಂಡರು. ಒಪ್ಪಲೇಬೇಕಿತ್ತು ಎಂದು ನನಗನಿಸುವುದಿಲ್ಲ. ಆದರೆ ‘ನನಗೆ ಫೋನ್ ಮಾಡಿ’ ಎಂದು ಕೇಳಿದ ರೀತಿ ರವಿಗೆ ಬಹಳ ಹಿಡಿಸಿತು.

ಅವರು ಟೀಮ್ ಲೀಡ್‌ಗೆ ಖಾಸಗಿಯಾಗಿ ಬರೆದರು. ಅಪ್ಪನ ಕೆಲಸವನ್ನೂ ಹೇಳಿಬಿಟ್ಟರು. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಎರಡು ದಿನದ ಮೇಲೆ ಫೋನ್ ಬಂತು. "ನನಗೆ ಗೊತ್ತಿರ್ಲಿಲ್ಲ ಕಣೋ" ಎಂದರಂತೆ. ರವಿ ಕೇಳಿದರು: "ಗೊತ್ತಿದ್ರೆ ಹಾಗೆ ಹೇಳ್ತಿರ್ಲಿಲ್ವಾ ಅಣ್ಣ, ಇಲ್ಲಾ ನನ್ನ ಎದುರಿಗೆ ಮಾತ್ರ ಹೇಳ್ತಿರ್ಲಿಲ್ವಾ?" ಅದಕ್ಕೆ ಆ ಕಡೆ ಮಾತಿರಲಿಲ್ಲ. ಕೊನೆಗೆ "ತಪ್ಪಾಯ್ತು" ಎಂದರಂತೆ. ಆದರೆ ಗುಂಪಿನಲ್ಲಿ ಅವರು ಏನೂ ಬರೆಯಲಿಲ್ಲ. ಬರೆಯಬೇಕಿತ್ತು ಎಂದು ನಾನು ಇವತ್ತೂ ಅಂದುಕೊಳ್ಳುತ್ತೇನೆ. ನಕ್ಕದ್ದು ಎಲ್ಲರ ಎದುರಿಗಲ್ಲವೇ?

ಅಪ್ಪನ ಜೊತೆ ಮಾತಾಡಿ ಎಂದಾಗ ರವಿ ತುಂಬಾ ಹಿಂಜರಿದರು. ಅಪ್ಪನಿಗೆ ಆ ಸುದ್ದಿ ಮೊದಲೇ ಗೊತ್ತಿತ್ತು. ಅವರು ಅದಕ್ಕೇನೂ ಅಚ್ಚರಿಪಡಲಿಲ್ಲ. "ಅನ್ನೋರು ಅಂತಾನೇ ಬಂದವ್ರೆ. ನೀನು ಯಾಕೆ ಊಟ ಬಿಟ್ಟೆ?" ಎಂದು ಕೇಳಿದರಂತೆ. ಅವತ್ತು ಇಬ್ಬರೂ ಒಟ್ಟಿಗೆ ಕೂತು ಮುದ್ದೆ ಉಂಡರು.

ಕಾನೂನಿನ ಮಾಹಿತಿಯನ್ನೂ ಕೊಟ್ಟಿದ್ದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರಿಗೆ ಕಾಣುವಂಥ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈಯುವುದು ಅಪರಾಧ. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವಿದೆ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಈ ಸಮುದಾಯದವರಿಗೆ ವಕೀಲರ ನೆರವು ಉಚಿತ. ಈಗ 14566 ಎಂಬ ಸಹಾಯವಾಣಿಯೂ ಇದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಕೂತವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ರವಿ ದೂರು ಕೊಡಲಿಲ್ಲ. ಹರಿಯಾಣದ ಹಾನ್ಸಿಯಲ್ಲಿ ಬೇರೊಬ್ಬರು ಕೊಟ್ಟ ದೂರಿನ ಮೇಲೆ 2021ರ ಫೆಬ್ರುವರಿಯಲ್ಲಿ ಯುವರಾಜ್ ವಿರುದ್ಧ ಎಫ್‌ಐಆರ್ ಆಯಿತು. ಅಕ್ಟೋಬರ್‌ನಲ್ಲಿ ಅವರನ್ನು ಬಂಧಿಸಿ ಜಾಮೀನಿನ ಮೇಲೆ ಬಿಟ್ಟರು. ಅವತ್ತು ರವಿಯಿಂದ ಒಂದು ಮೆಸೇಜ್ ಬಂತು: "ಖುಷಿ ಆಗ್ಲಿಲ್ಲ ಮೇಡಂ. ಆದ್ರೆ ಆ ಪದಕ್ಕೆ ಬೆಲೆ ತೆರಬೇಕಾಗುತ್ತೆ ಅಂತ ಗೊತ್ತಾಯ್ತಲ್ಲ."

ಎಂಟು ಭೇಟಿಗಳ ನಂತರ ನಿಲ್ಲಿಸಿದ್ದೆವು. ನಿದ್ದೆ ಸರಿಹೋಗಿತ್ತು. ಯುವರಾಜ್ ಚಿತ್ರವನ್ನು ಗೋಡೆಯಿಂದ ತೆಗೆದಿದ್ದರು. ಹರಿದಿರಲಿಲ್ಲ, ಸುತ್ತಿ ಅಟ್ಟದ ಮೇಲಿಟ್ಟಿದ್ದರು. ಹರಿಯುವುದಾ, ಇಟ್ಟುಕೊಳ್ಳುವುದಾ, ಯಾವುದು ಸರಿ ಎಂದು ಕೇಳಿದ್ದರು. ಎರಡೂ ಸರಿ ಎಂದಿದ್ದೆ.

2023ರ ಆಗಸ್ಟ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೆ ಅವರ ಫೋನ್ ಬಂತು. ನಟ ಉಪೇಂದ್ರ ಅವರು ಫೇಸ್‌ಬುಕ್ ಲೈವ್‌ನಲ್ಲಿ ದಲಿತರ ಕೇರಿಯನ್ನು ಹೀಗಳೆಯುವ, ಊರು ಮತ್ತು ಕೇರಿಯ ಆ ಹಳೆಯ ಗಾದೆ ಬಳಸಿ, ವಿಡಿಯೊ ಅಳಿಸಿ, ಕ್ಷಮೆ ಕೇಳಿದ್ದರು. ಹಿಂದಿ ಪದ, ನಮಗೇನು ಅರ್ಥ ಗೊತ್ತು ಎನ್ನುವ ನೆಪ ಈ ಸಲ ಯಾರಿಗೂ ಇರಲಿಲ್ಲ. ರವಿ ಆಗ ಬೇರೆ ಕಂಪನಿಯಲ್ಲಿದ್ದರು. ಗುಂಪು ಬೇರೆ, ಮಾತು ಅದೇ: "ಗಾದೆ ಅಷ್ಟೇ, ದೊಡ್ಡದು ಮಾಡ್ಬೇಡಿ."

"ನಾನು ಒಂದು ಸಾಲು ಹಾಕಿದೆ ಮೇಡಂ."

"ಏನಂತ?"

"ಈ ಗಾದೆ ಬೇಡ, ಆ ಕೇರಿಯಲ್ಲಿ ನಮ್ಮ ಮನೆ ಇದೆ ಅಂತ."

"ಯಾರಾದ್ರೂ ಉತ್ತರ ಕೊಟ್ರಾ?"

"ಇನ್ನೂ ಇಲ್ಲ. ಎಲ್ಲರೂ ನೋಡಿದ್ದಾರೆ. ಕೈ ನಡುಗ್ತಾ ಇದೆ." ಆಮೇಲೆ, ನಾನು ಕೇಳುವ ಮೊದಲೇ, "ಊಟ ಮಾಡಿದೆ ಮೇಡಂ" ಎಂದರು.